ಹಾವರ್ತ್ ಗ್ರಾಮದ ಚರ್ಚು ಮತ್ತು ಅದರ ಜೀರ್ಣೋದ್ಧಾರದ ವಿವಾದ

ಆಂಗ್ಲ ಕಾದಂಬರಿಗಳನ್ನು ವ್ಯಾಸಂಗಮಾಡುವವರಿಗೆ ಮೇಲಿಂದ ಮೇಲೆ ಎದುರಾಗುವ ಶಬ್ದಗಳಲ್ಲಿ ‘ಪ್ಯಾರಿಷ್’ ಎಂಬುದೊಂದು. ಒಬ್ಬ ಪಾದ್ರಿಯ ಅಧಿಕಾರಕ್ಕೆ ಸೇರಿದ ಪ್ರದೇಶವೆಂದು ಇದಕ್ಕೆ ಅರ್ಥಹೇಳುವುದುಂಟು. ಅರ್ಥವು ತಪ್ಪಲ್ಲ, ಆದರೆ ಅಷ್ಟರಿಂದಲೇ ಆ ಶಬ್ದದ ಹಿಂದಿರುವ ಜೀವನವು ತಿಳಿಯದು. ಶಬ್ದದ ಮೂಲವು ಗ್ರೀಕಿನ ‘ಪರೋಯ್ಕಿಯ’. ಅದರಲ್ಲಿ ಪೂರ್ವಪದಕ್ಕೆ ‘ಬಳಿ’ ಎಂದೂ ಉತ್ತರಪದವಾದ ‘ಓಯ್ಕೋಸ್’ ಎಂಬುದಕ್ಕೆ ‘ಮನೆ’ ಎಂದೂ ಅರ್ಥ. ಈ ‘ಓಯ್ಕೋಸ್’ ಎಂಬುದೂ ಸಂಸ್ಕೃತದ ‘ವೇಶ’, ‘ವೇಶ್ಮ’ ಎಂಬುವೂ ಒಂದೇ ಮೂಲದಿಂದ ಹುಟ್ಟಿದುವೆಂದು ಭಾಷಾಶಾಸ್ತ್ರಜ್ಞರು ನಿರ್ಧರಿಸಿರುವರು. ಆದುದರಿಂದ ನೆರೆಮನೆಯೆಂಬ ಅರ್ಥದ ನಮ್ಮ ‘ಪ್ರತಿವೇಶ’ ಶಬ್ದವು ಪ್ಯಾರಿಷಿಗೆ ದೂರದ ನಂಟು. ಆದಿಕಾಲದ ಕ್ರೈಸ್ತರು, ಈ ಲೋಕದಲ್ಲಿ ಪರದೇಶಿಗಳಂತೆ ತಂಗಿರುವವರು ತಾವು ಎಂಬ ಭಾವದಿಂದ ಆ ಹೆಸರನ್ನಿಟ್ಟುಕೊಂಡರು. ಕಾಲಕ್ರಮದಲ್ಲಿ ಅದು ನೆಲದ ಒಂದು ವಿಭಾಗಕ್ಕೆ ಹೆಸರಾಗಿ ನಿಂತಿತು. ಪಾದ್ರಿಯನ್ನು ಹೇಳುವ ‘ವಿಕರ್’ ಎಂಬ ಶಬ್ದವನ್ನು ಈ ಗುಂಪಿಗೆ ಸೇರಿಸಬಾರದು. ಅದಕ್ಕೆ ಪ್ರತಿನಿಧಿಯೆಂದು ಅರ್ಥ, ಅದರ ವ್ಯುತ್ಪತ್ತಿಯೂ ಬೇರೆ.

ಈ ವ್ಯುತ್ಪತ್ತಿಯಿಂದ ಒಂದು ಪ್ರಯೋಜನವುಂಟು. ಪ್ಯಾರಿಷ್ ಎಂಬುದು ಭಕ್ತರ ಸಮೂಹವಲ್ಲ, ನೆರೆಹೊರೆ. ಇಂಗ್ಲೆಂಡಿನಲ್ಲಿ ಒಂದು ಎಲ್ಲೆಯೊಳಗೆ ವಾಸಮಾಡುತ್ತಿದ್ದವರೆಲ್ಲರೂ, ನಂಬಿದವರಾಗಲಿ ನಂಬದವರಾಗಲಿ, ಆ ಪ್ಯಾರಿಷಿಗೆ ಸೇರಿದವರೇ. ಅಲ್ಲಿಯ ಚರ್ಚಿನಲ್ಲಿ ದೀಕ್ಷಾಸ್ನಾನ, ಅಲ್ಲಿಯೇ ವಿವಾಹ, ಅದರ ಅಂಗಳದಲ್ಲಿಯೇ ಸಮಾಧಿ. ೧೭೫೩ರ ವಿವಾಹಶಾಸನದಿಂದ ೧೮೩೭ರವರೆಗೆ, ಯೆಹೂದ್ಯರು ಮತ್ತು ಕ್ವೇಕರರ ಹೊರತು ಮಿಕ್ಕವರಾರೂ ಸರ್ಕಾರಿ ಮತದ ಚರ್ಚಿನ ಹೊರಗೆ ಕಾಯಿದೆಯ ಪ್ರಕಾರ ಮದುವೆಯಾಗುವಂತಿರಲಿಲ್ಲ. ಚರ್ಚಿನ ದುರಸ್ತಿಗೆ ಊರವರೆಲ್ಲರ ಮೇಲೆಯೂ ತೆರಿಗೆ ಬೀಳುತ್ತಿದ್ದಿತು. ಆ ತೆರಿಗೆಯನ್ನು ಗೊತ್ತುಮಾಡುವ ಊರ ಸಭೆಗೆ, ಪಾದ್ರಿಯು ನಿಲುವಂಗಿ ತೊಡುವ ಕೊಠಡಿಯ ಹೆಸರಿನಿಂದ, ‘ವೆಸ್ಟ್ರಿ’ ಎಂದು ಹೆಸರಾಯಿತು. ಬಡವರ ಪೋಷಣೆಯೂ ರಸ್ತೆಗಳ ರಿಪೇರಿಯೂ ಇದೇ ಸಭೆಯ ಹೊಣೆ. ಇದು ದೇವಸ್ಥಾನವೂ ಹೌದು, ಚಾವಡಿಯೂ ಹೌದು. ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿ, ಎಂದರೆ ೧೮೩೭ರಿಂದ ೧೯೦೧ರವರೆಗೆ, ಈ ಎರಡು ರೂಪಗಳೂ ಬೇರೆಬೇರೆಯಾದುವು. ಆ ಬೇರ್ಪಡೆಯಲ್ಲಿ ಒಂದು ಹಳೆಯ ಕಟ್ಟಡಕ್ಕೆ ಏನಾಯಿತು, ಅದರಿಂದ ಸಾಹಿತ್ಯಪ್ರಿಯರಿಗೂ ಊರವರಿಗೂ ಎಂತಹ ವ್ಯಾಜ್ಯವುಂಟಾಯಿತು ಎಂಬುದನ್ನು ತಿಳಿಯಲು ಯಾರ್ಕ್‌ಷೈರಿನ ಹಾವರ್ತ್ ಗ್ರಾಮಕ್ಕಿಂತ ತಕ್ಕ ಉದಾಹರಣೆ ಸಿಕ್ಕುವುದು ಕಷ್ಟ.

ಹಾವರ್ತ್ ಎಂಬುದು ಬ್ರಾಂಟೆ ಸೋದರಿಯರ ಊರೆಂದು ಸಾಹಿತ್ಯಾಭ್ಯಾಸಿಗಳೆಲ್ಲರೂ ಬಲ್ಲರು. ಕಡಿದಾದ ಒಂದು ಬೀದಿ, ಅದರ ನೆತ್ತಿಯಲ್ಲಿ ಸಂತ ಮೈಕೇಲನ ಹೆಸರಿನ ಚರ್ಚು, ಅದಕ್ಕಂಟಿದ ಶ್ಮಶಾನ, ಶ್ಮಶಾನದ ಮೇಲ್ಗಡೆ ಪಾದ್ರಿಯ ಮನೆ, ಆಚೆಗೆ ಮರಗಳಿಲ್ಲದ ಹುಲ್ಲುಗಾವಲಿನ ಬೋರೆ. ಆದರೆ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಹಾವರ್ತ್ ಪೂರ್ಣವಾದ ಪ್ಯಾರಿಷ್ ಆಗಿರಲಿಲ್ಲವೆಂಬುದು ಗಮನಾರ್ಹವಾದ ವಿಷಯ. ಅದು ಬ್ರಾಡ್‌ಫರ್ಡ್ ಎಂಬ ದೊಡ್ಡ ಪ್ಯಾರಿಷಿಗೆ ಸೇರಿದ ಉಪಕ್ಷೇತ್ರ. ಅಲ್ಲಿಯ ಪಾದ್ರಿಗೆ ‘ಶಾಶ್ವತ ಕ್ಯೂರೇಟ್’ ಎಂದು ಬಿರುದು. ಅವನನ್ನು ನೇಮಿಸುವ ಹಕ್ಕು ಬ್ರಾಡ್‌ಫರ್ಡಿನ ವಿಕರನದು. ಆದರೆ ಎಲಿಜಬೆತ್ ರಾಣಿಯ ಕಾಲದಲ್ಲಿ ಪಾದ್ರಿಯ ಜೀವನಕ್ಕೆಂದು ಏರ್ಪಟ್ಟ ದತ್ತಿಯ ಜಮೀನು ಊರಿನ ಧರ್ಮದರ್ಶಿಗಳ ಕೈಯಲ್ಲಿದ್ದಿತು. ನೇಮಕ ಒಬ್ಬರದು, ಸಂಬಳ ಮತ್ತೊಬ್ಬರದು. ತಮಗೆ ಒಪ್ಪಿಗೆಯಿಲ್ಲದ ಪಾದ್ರಿಗೆ ಹಣ ಕೊಡದಿರುವುದು ಧರ್ಮದರ್ಶಿಗಳಿಗೆ ಸಾಧ್ಯವಾಗಿದ್ದಿತು.

ಈ ಹಕ್ಕು ಬರಿಯ ಕಾಗದದ ಮೇಲಿನದಲ್ಲ. ೧೮೧೯ರಲ್ಲಿ ಸ್ಥಾನವು ತೆರವಾದಾಗ ವಿಕರನು ಮೊದಲು ಪ್ಯಾಟ್ರಿಕ್ ಬ್ರಾಂಟೆಯ ಹೆಸರನ್ನು ಸೂಚಿಸಿದನು. ಊರವರಿಗೆ ಆ ಮನುಷ್ಯನ ಮೇಲೆ ದ್ವೇಷವೇನೂ ಇರಲಿಲ್ಲ. ತಮ್ಮನ್ನು ಕೇಳದೆ ಕಳುಹಿಸಿದರೆಂಬುದೇ ಕೋಪಕ್ಕೆ ಕಾರಣ. ಬ್ರಾಂಟೆಯು ಹಿಂದೆಗೆದನು. ಅನಂತರ ವಿಕರನು ಸ್ಯಾಮ್ಯುಯಲ್ ರೆಡ್‌ಹೆಡ್ ಎಂಬುವನನ್ನು ಕಳುಹಿಸಲು, ಅವನು ಪಾಠವನ್ನೋದುತ್ತಿರುವಾಗಲೇ ಸಭೆಯೆಲ್ಲವೂ ಮರದ ಅಟ್ಟೆಯ ಜೋಡುಗಳನ್ನು ಸಪ್ಪಳಿಸುತ್ತ ಎದ್ದುಹೋಯಿತಂತೆ. ಮುಂದಿನ ಭಾನುವಾರ ಒಬ್ಬನನ್ನು ಕತ್ತೆಯ ಮೇಲೆ ಬಾಲದ ಕಡೆಗೆ ಮುಖಮಾಡಿ ಕೂರಿಸಿ ಚರ್ಚಿನೊಳಕ್ಕೆ ಹೊಡೆದರಂತೆ. ಗ್ಯಾಸ್ಕೆಲ್ ಮಹಿಳೆಯು ೧೮೫೭ರಲ್ಲಿ ಪ್ರಕಟಿಸಿದ ಷಾರ್ಲಟಳ ಜೀವನಚರಿತ್ರೆಯಿಂದ ಈ ಕಥೆ ಪ್ರಸಿದ್ಧವಾಯಿತು. ಅವಳ ಲೇಖನಿಯಲ್ಲಿ ಸ್ವಲ್ಪ ಬಣ್ಣವಿರಬಹುದು. ರೆಡ್‌ಹೆಡನು ಕೆಲವೇ ವಾರಗಳಲ್ಲಿ ಹೊರಟುಹೋದನೆಂಬುದು ಮಾತ್ರ ನಿಜ. ಕಡೆಗೆ ವಿಕರನಿಗೂ ಧರ್ಮದರ್ಶಿಗಳಿಗೂ ರಾಜಿಯಾಗಿ, ಮೊದಲು ಬೇಡವಾಗಿದ್ದ ಬ್ರಾಂಟೆಯೇ ೧೮೨೦ರಲ್ಲಿ ಇಬ್ಬರ ಒಪ್ಪಿಗೆಯಿಂದಲೂ ನೇಮಕವಾದನು.

ಎಮಿಲಿಯ ‘ವುದರಿಂಗ್ ಹೈಟ್ಸ್’ ಎಂಬ ಕಾದಂಬರಿಯನ್ನು ಪಾಠ ಹೇಳುವವರು ಈ ವೃತ್ತಾಂತವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅದರ ಮೂರನೆಯ ಅಧ್ಯಾಯದಲ್ಲಿ ಗಿಮರ್ಟನ್ನಿನ ಚರ್ಚಿನ ವಿಚಾರ ಬರುತ್ತದೆ. ಅಲ್ಲಿಗೆ ಯಾವ ಪಾದ್ರಿಯೂ ಬರಲೊಲ್ಲನು. ವರ್ಷಕ್ಕೆ ಸಂಬಳ ೨೦ ಪೌಂಡು. ಊರವರು ತಮ್ಮ ಜೇಬಿನಿಂದ ಒಂದು ಪೆನ್ನಿ ಹೆಚ್ಚಿಗೆ ಕೊಡುವುದಕ್ಕಿಂತ ಪಾದ್ರಿಯು ಉಪವಾಸವಿರುವುದನ್ನು ನೋಡಿಯಾರು. ವಿಮರ್ಶಕರು ಇದನ್ನು ಆ ಕಥೆಯ ಘೋರವಾತಾವರಣಕ್ಕೆ ಸೇರಿದ ಅಲಂಕಾರವೆಂದು ಬಗೆದು ಮುಂದೆ ಸಾಗುವರು. ಧರ್ಮದರ್ಶಿಗಳ ಕೈಯಿಂದ ಸಂಬಳವನ್ನು ಪಡೆಯುತ್ತಿದ್ದ ಪಾದ್ರಿಯ ಮನೆಯಲ್ಲಿ ಬೆಳೆದವಳಿಗೆ ಅದು ಅಲಂಕಾರವಲ್ಲ. ದಿನದಿನವೂ ಕೇಳಿದ ಲೆಕ್ಕಾಚಾರದ ಮಾತು.

ಬ್ರಾಂಟೆಯು ಬಂದಾಗ ಇದ್ದ ಕಟ್ಟಡವು ಬಹು ಪುರಾತನವಾದುದೆಂಬ ಭಾವನೆ ಸಾಮಾನ್ಯವಾಗಿದೆ. ಅದು ಪೂರ್ತಿಯಾಗಿ ನಿಜವಲ್ಲ. ಗೋಪುರವು ಹಳೆಯದು, ದಿಟ. ಆದರೆ ಸಭಾಮಂದಿರವನ್ನು ೧೭೫೫ರಲ್ಲಿ ವಿಲಿಯಂ ಗ್ರಿಮ್‌ಷಾ ಎಂಬ ಪಾದ್ರಿಯು ವಿಸ್ತರಿಸಿ ಕಟ್ಟಿಸಿದ್ದನು. ೧೭೪೨ರಿಂದ ೧೭೬೩ರವರೆಗೆ ಅಲ್ಲಿದ್ದ ಈತನು ಬಹು ಉಗ್ರನಾದ ಬೋಧಕ. ಕೀರ್ತನೆಯನ್ನು ಹಾಡುತ್ತಿರುವಷ್ಟರಲ್ಲಿ ಹೊರಗೆ ಹೋಗಿ ಸಾರಾಯಿ ಅಂಗಡಿಗಳಲ್ಲಿ ಕುಳಿತವರನ್ನು ಚರ್ಚಿಗೆ ಅಟ್ಟಿಕೊಂಡು ಬರುತ್ತಿದ್ದನೆಂಬ ಐತಿಹ್ಯವುಂಟು. ಪ್ರಭುಭೋಜನಕ್ಕೆ ಬರುವವರ ಸಂಖ್ಯೆಯು ತನ್ನ ಕಾಲದಲ್ಲಿ ೧೨ರಿಂದ ಬೇಸಗೆಯ ದಿನಗಳಲ್ಲಿ ೧,೨೦೦ಕ್ಕೆ ಏರಿತೆಂದು ಅವನೇ ವರದಿಮಾಡಿದ್ದನು. ಜಾನ್ ವೆಸ್ಲಿ, ಜಾರ್ಜ್ ವಿಟ್‌ಫೀಲ್ಡ್ ಮೊದಲಾದವರು ಅಲ್ಲಿಗೆ ಬಂದಾಗ ಜನ ಒಳಗೆ ಹಿಡಿಸದೆ ಶ್ಮಶಾನದಂಗಳದಲ್ಲಿಯೇ ಉಪದೇಶ ನಡೆಯುತ್ತಿದ್ದಿತು. ಆ ಜನಸಂದಣಿಗಾಗಿಯೇ ೧೭೫೫ರ ಕಟ್ಟಡ ಎದ್ದಿತು. ಮೂರು ಅಂತಸ್ತಿನ ಉಪದೇಶಪೀಠವೂ ಗ್ರಿಮ್‌ಷಾನ ಕಾಲದ್ದೇ. ಎಂದರೆ, ಮುಂದೆ ಸಾಹಿತ್ಯಲೋಕವು ‘ಹಳೆಯ ಚರ್ಚು’ ಎಂದು ಹಂಬಲಿಸಿದ ಕಟ್ಟಡವು ತಾನೂ ಒಂದು ಜೀರ್ಣೋದ್ಧಾರದ ಫಲ. ಈ ಸಂಗತಿಯನ್ನು ಮರೆತುದರಿಂದಲೇ ಅನಂತರದ ವಿವಾದದಲ್ಲಿ ಅರ್ಧದಷ್ಟು ಕಹಿ ಹುಟ್ಟಿತು.

ಬ್ರಾಂಟೆಯ ಅಧಿಕಾರವು ೪೧ ವರ್ಷಗಳಷ್ಟು ದೀರ್ಘವಾದುದು. ಅವನ ಹೆಸರನ್ನು ಹೆಣ್ಣುಮಕ್ಕಳ ತಂದೆಯೆಂದೇ ಸ್ಮರಿಸುವ ರೂಢಿಯಿಂದ ಅವನ ಕೆಲಸಕ್ಕೆ ತಕ್ಕ ಮನ್ನಣೆ ದೊರೆತಿಲ್ಲ. ೧೮೩೨ರಲ್ಲಿ ಅವನ ಪ್ರಯತ್ನದಿಂದ ಚರ್ಚಿನ ಪಕ್ಕದಲ್ಲಿ ಭಾನುವಾರದ ಪಾಠಶಾಲೆ ಎದ್ದಿತು. ವಾರವೆಲ್ಲ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳಿಗೆ ಅಕ್ಷರ ಕಲಿಯಲು ಅದೊಂದೇ ದಿನ ಬಿಡುವು. ಷಾರ್ಲಟಳೂ ಅಲ್ಲಿ ಪಾಠ ಹೇಳಿದಳು. ೧೮೩೪ರಲ್ಲಿ ಚರ್ಚಿಗೆ ಆರ್ಗನ್ ವಾದ್ಯ ಬಂದಿತು, ೧೮೪೫ರ ಸುಮಾರಿಗೆ ಗಂಟೆಗಳು ಮೂರರಿಂದ ಆರಾದುವು. ಇವು ಸಣ್ಣ ವಿಷಯಗಳಂತೆ ಕಾಣಬಹುದು. ಆದರೆ ಗಂಟೆ ಬಾರಿಸುವವರ ತಂಡ, ಹಾಡುವವರ ತಂಡ, ಪಾಠಶಾಲೆಯ ಉಪಾಧ್ಯಾಯರು, ಗುಂಡಿ ತೋಡುವ ಕಲ್ಲುಕುಟಿಗ, ಇವರೆಲ್ಲರೂ ಕೂಡಿದಾಗಲೇ ಚರ್ಚೆಂಬುದು ಊರಿನ ಬಾಳಾಗುತ್ತದೆ. ೧೮೫೪ನೆಯ ಜೂನ್ ೨೯ರಂದು ಷಾರ್ಲಟಳು ಸಹಾಯಕ ಪಾದ್ರಿಯಾದ ಆರ್ಥರ್ ಬೆಲ್ ನಿಕಲ್ಸನನ್ನು ಮದುವೆಯಾದಳು. ದಂಪತಿಗಳು ಐರ್ಲೆಂಡಿನಿಂದ ಹಿಂತಿರುಗಿದ ಮೇಲೆ ಸುಮಾರು ೫೦೦ ಮಂದಿಯನ್ನು ಪಾಠಶಾಲೆಗೆ ಕರೆದು ಉಪಚರಿಸಿದರು. ಕರೆಸಿಕೊಂಡವರಲ್ಲಿ ಮೇಲೆ ಹೇಳಿದ ತಂಡಗಳೇ ಮುಖ್ಯ.

ಇದೇ ನಿಕಲ್ಸನು ೧೮೪೭ರಲ್ಲಿ ಊರಿನ ಹೆಂಗಸರೊಡನೆ ಒಂದು ಜಗಳವನ್ನೂ ಕಟ್ಟಿಕೊಂಡಿದ್ದನು. ಒಗೆದ ಬಟ್ಟೆಗಳನ್ನು ಚಪ್ಪಟೆಯಾದ ಗೋರಿಕಲ್ಲುಗಳ ಮೇಲೆ ಹರವಿ ಒಣಗಿಸುವುದು ಅಲ್ಲಿಯ ವಾಡಿಕೆ. ಪವಿತ್ರಸ್ಥಳದಲ್ಲಿ ಇದು ಸಲ್ಲದೆಂದು ನಿಕಲ್ಸನು ತಡೆದನು. ಹೆಂಗಸರಿಗೆ ಕೋಪ ಬಂದಿತು. ವೃದ್ಧನಾದ ಬ್ರಾಂಟೆಯು ಇದರ ಮೇಲೆ ಒಂದು ಹಾಸ್ಯಪದ್ಯವನ್ನೇ ರಚಿಸಿದನು. ಸತ್ತವರ ನೆಲವನ್ನು ಬದುಕಿರುವವರು ಉಪಯೋಗಿಸಬಹುದೇ ಎಂಬ ಪ್ರಶ್ನೆ ಇಲ್ಲಿ ನಗೆಯಾಗಿ ಕಾಣಿಸಿಕೊಂಡಿತು. ಮೂರೇ ವರ್ಷಗಳಲ್ಲಿ ಅದು ನಗೆಯಾಗಿ ಉಳಿಯಲಿಲ್ಲ.

ಹಾವರ್ತಿನಲ್ಲಿ ಆಗ ಒಳಚರಂಡಿಯೆಂಬುದಿರಲಿಲ್ಲ. ಉಣ್ಣೆಯನ್ನು ಬಾಚುವವರು ಮಲಗುವ ಕೋಣೆಗಳಲ್ಲಿಯೇ ಹಗಲಿರುಳೂ ಒಲೆಯುರಿಸಿ, ಕಿಟಕಿ ಮುಚ್ಚಿ ದುಡಿಯುತ್ತಿದ್ದರು. ಬ್ರಾಂಟೆಯು ತನ್ನ ಊರವರ ಹೆಸರಿನಲ್ಲಿ ೧೮೪೯ರಲ್ಲಿ ಲಂಡನ್ನಿನ ಆರೋಗ್ಯಮಂಡಲಿಗೆ ಮನವಿ ಬರೆದನು. ಆ ವೇಳೆಗೆ ಅವನ ಆರು ಮಕ್ಕಳಲ್ಲಿ ಐವರು ತೀರಿಹೋಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಮನವಿಗೆ ಉತ್ತರವಾಗಿ ೧೮೫೦ರ ಏಪ್ರಿಲಿನಲ್ಲಿ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ ಎಂಬ ತನಿಖಾಧಿಕಾರಿ ಬಂದನು. ಗಣಕಯಂತ್ರದ ಕಲ್ಪನೆಯಿಂದ ಪ್ರಸಿದ್ಧನಾದ ಚಾರ್ಲ್ಸ್ ಬ್ಯಾಬೇಜನ ಮಗನೀತ. ಅವನ ವರದಿಯಲ್ಲಿ ಕಾಣುವ ಅಂಕಿಗಳು ಭೀಕರವಾದುವು. ಊರಿನಲ್ಲಿ ಸಾಯುವವರ ಸರಾಸರಿ ವಯಸ್ಸು ೨೫.೮ ವರ್ಷ. ಹುಟ್ಟಿದವರಲ್ಲಿ ನೂರಕ್ಕೆ ೪೧.೬ರಷ್ಟು ಮಂದಿ ಆರು ವರ್ಷ ತುಂಬುವುದರೊಳಗೆ ಮಡಿಯುತ್ತಿದ್ದರು. ಇಪ್ಪತ್ತು ಮೂವತ್ತರೊಳಗಿನ ಮನೆಗಳಿಗೆ ಒಂದೇ ಕಕ್ಕಸಿದ್ದ ಎಡೆಯೂ ಉಂಟು. ಹಿಂದಿನ ಹತ್ತು ವರ್ಷಗಳಲ್ಲಿ ಚರ್ಚಿನ ಅಂಗಳದಲ್ಲಿ ೧,೩೪೪ ಶವಗಳನ್ನು ಹೂಳಲಾಗಿತ್ತು. ಅಂಗಳವಿದ್ದುದು ಊರಿನ ನೆತ್ತಿಯಲ್ಲಿ, ಬಾವಿಗಳಿದ್ದುದು ಕೆಳಗೆ. ಗೋರಿಗಳ ಮೇಲೆ ನೆಲ ಕಾಣದಂತೆ ಹಾಸಿದ ಕಲ್ಲುಗಳಿಂದ ಗಿಡಮರಗಳು ಬೇರೂರಿ ಮಣ್ಣನ್ನು ಶೋಧಿಸುವುದಕ್ಕೂ ಅವಕಾಶವಿರಲಿಲ್ಲ. ಬ್ಯಾಬೇಜನು ಶುದ್ಧಜಲವನ್ನು ತರಬೇಕೆಂದೂ ಆ ಶ್ಮಶಾನವನ್ನು ಮುಚ್ಚಬೇಕೆಂದೂ ಹೇಳಿದನು. ತೆರಿಗೆಯ ಭಾರಕ್ಕೆ ಹೆದರಿದ ಆಸ್ತಿವಂತರು ಎದುರುನಿಂತುದರಿಂದ ಕೆಲಸವು ವರ್ಷಗಟ್ಟಲೆ ತಡವಾಯಿತು. ಇಂದು ಆ ಅಂಗಳದಲ್ಲಿ ಕಾಣುವ, ಯಾತ್ರಿಕರು ಕಾವ್ಯಮಯವೆಂದು ಚಿತ್ರ ತೆಗೆಯುವ ಮರಗಳು ಬ್ರಾಂಟೆಯ ಹೆಣ್ಣುಮಕ್ಕಳು ನೋಡಿದುವಲ್ಲ. ಅವು ೧೮೬೦ರ ದಶಕದಲ್ಲಿ ನೆಟ್ಟುವು.

ಚರ್ಚಿನ ಒಳಗೂ ಸ್ಥಿತಿಯು ಉತ್ತಮವಾಗಿರಲಿಲ್ಲ. ನೆಲದಡಿಯಲ್ಲಿಯೂ ಶವಗಳಿದ್ದುವು, ಬ್ರಾಂಟೆ ಮನೆತನದ ನೆಲಮಾಳಿಗೆಯೂ ಅಲ್ಲಿಯೇ. ಕಂಬಗಳ ಮರೆಯಲ್ಲಿ ಕುಳಿತವರಿಗೆ ವೇದಿಕೆ ಕಾಣಿಸುತ್ತಿರಲಿಲ್ಲ. ಎತ್ತರವಾದ ಕಪ್ಪು ಓಕ್ ಮರದ ಗೂಡುಪೀಠಗಳ ಬಾಗಿಲುಗಳ ಮೇಲೆ ಒಡೆಯರ ಹೆಸರನ್ನು ಬಿಳಿಯ ಅಕ್ಷರಗಳಿಂದ ಬರೆದಿದ್ದುದನ್ನು ಗ್ಯಾಸ್ಕೆಲ್ ವರ್ಣಿಸಿರುವಳು. ಗೋಡೆಗೆ ಹಾಕಿದ ಬ್ರಾಂಟೆಯವರ ಸ್ಮಾರಕಫಲಕದ ವಿಷಯವಾಗಿ ಅವಳು ಹೇಳುವ ಮಾತು ಹೃದಯವಿದ್ರಾವಕವಾದುದು: ಮೇಲಿನ ಸಾಲುಗಳಲ್ಲಿ ಅಕ್ಷರಗಳು ವಿಶಾಲವಾಗಿದ್ದು, ಸಾವುಗಳು ಒಂದರ ಹಿಂದೊಂದಾಗಿ ಬಂದಂತೆ ಸ್ಥಳ ಸಾಲದೆ ಸಣ್ಣವಾಗಿ ಇಕ್ಕಟ್ಟಾಗುತ್ತ ಹೋಗಿದ್ದುವು.

ಪ್ಯಾಟ್ರಿಕ್ ಬ್ರಾಂಟೆಯು ೧೮೬೧ನೆಯ ಜೂನ್ ೭ರಂದು ೮೪ನೆಯ ವಯಸ್ಸಿನಲ್ಲಿ ತೀರಿಕೊಂಡನು. ನಿಕಲ್ಸನಿಗೆ ಆ ಸ್ಥಾನವು ಸಿಕ್ಕುವುದೆಂದು ಅನೇಕರು ಎಣಿಸಿದ್ದರು. ಧರ್ಮದರ್ಶಿಗಳು ತಮ್ಮ ಹಳೆಯ ಹಕ್ಕನ್ನು ಮತ್ತೊಮ್ಮೆ ನೆನಪಿಗೆ ತಂದು ಜಾನ್ ವೇಡ್ ಎಂಬುವನನ್ನು ಆರಿಸಿದರು. ನಿಕಲ್ಸನು ಐರ್ಲೆಂಡಿಗೆ ಹಿಂತಿರುಗಿದನು.

ವೇಡನ ಅಧಿಕಾರವು ೧೮೯೮ರವರೆಗೆ ನಡೆಯಿತು. ಈ ಅವಧಿಯೇ ಪ್ಯಾರಿಷಿನ ಚಾವಡಿರೂಪವು ಕಳಚಿಬಿದ್ದ ಕಾಲ. ಬಡವರ ಪೋಷಣೆಯು ೧೮೩೪ರ ಕಾಯಿದೆಯಿಂದಲೇ ವೆಸ್ಟ್ರಿಯ ಕೈತಪ್ಪಿದ್ದಿತು. ಅದನ್ನು ಪ್ರತಿಭಟಿಸಲು ೧೮೩೭ರಲ್ಲಿ ಹಾವರ್ತಿನಲ್ಲಿ ಸೇರಿದ ಸಭೆಗೆ ಬ್ರಾಂಟೆಯೇ ಅಧ್ಯಕ್ಷನಾಗಿದ್ದನು. ಅದೇ ವರ್ಷ ಜನನ ವಿವಾಹ ಮರಣಗಳ ದಾಖಲೆ ಸರ್ಕಾರದ ಕೆಲಸವಾಯಿತು. ಬ್ಯಾಪ್ಟಿಸ್ಟರೂ ಮೆಥಡಿಸ್ಟರೂ ಬಲವಾಗಿದ್ದ ಹಾವರ್ತಿನಂತಹ ಊರುಗಳಲ್ಲಿ ಚರ್ಚುತೆರಿಗೆಗೆ ವಿರೋಧ ಬಹಳ. ೧೮೬೮ರಲ್ಲಿ ಅದರ ಬಲವಂತ ವಸೂಲಿ ನಿಂತಿತು. ೧೮೭೦ರ ಕಾಯಿದೆಯಿಂದ ಸಾರ್ವಜನಿಕ ಶಾಲೆಗಳು ಬಂದುವು. ೧೮೮೦ರಲ್ಲಿ ಭಿನ್ನಮತೀಯರಿಗೆ ಚರ್ಚಿನ ಅಂಗಳದಲ್ಲಿ ತಮ್ಮ ವಿಧಿಯಿಂದಲೇ ಸಂಸ್ಕಾರ ನಡೆಸುವ ಹಕ್ಕು ದೊರೆಯಿತು. ೧೮೯೪ರಲ್ಲಿ ಗ್ರಾಮಗಳ ಲೌಕಿಕಾಡಳಿತವು ಚುನಾಯಿತ ಸಭೆಗಳಿಗೆ ಹೋಯಿತು. ಹೀಗೆ ಬಲವಂತವೆಲ್ಲ ತೊಲಗಿದ ಮೇಲೆ, ಚರ್ಚಿಗೆ ಬರುವವನು ಬಯಸಿ ಬರಬೇಕು. ಅದನ್ನು ಕಟ್ಟುವ ಹಣವೂ ಬಯಸಿ ಕೊಟ್ಟದ್ದಾಗಬೇಕು. ತೇವ ಹಿಡಿದ ನೆಲ, ಹೆಸರು ಬರೆದ ಬಾಗಿಲುಗಳು, ವೇದಿಕೆ ಕಾಣದ ಮೂಲೆಗಳು, ಇವು ಬಲವಂತದ ಕಾಲಕ್ಕೆ ಸಾಕಾಗಿದ್ದುವು. ಸ್ವೇಚ್ಛೆಯ ಕಾಲಕ್ಕೆ ಸಾಲವು.

೧೮೭೯ರಲ್ಲಿ ವೇಡನು ಗೋಪುರವೊಂದನ್ನು ಉಳಿಸಿ ಮಿಕ್ಕುದನ್ನೆಲ್ಲ ಕೆಡವಿ ಕಟ್ಟುವ ಯೋಜನೆಯನ್ನು ಮುಂದಿಟ್ಟನು. ಮೈಕೇಲ್ ಮೆರಲ್ ಎಂಬ ಊರಿನ ಗಿರಣಿಯೊಡೆಯನು ೫,೦೦೦ ಪೌಂಡುಗಳನ್ನು ಕೊಡಲು ಒಪ್ಪಿದನು. ಕೂಡಲೇ ಪತ್ರಿಕೆಗಳಲ್ಲಿ ಆಕ್ರೋಶ ಎದ್ದಿತು. ಹಳೆಯ ಕಟ್ಟಡಗಳ ರಕ್ಷಣೆಗೆಂದು ವಿಲಿಯಂ ಮಾರಿಸನು ಸಂಘವನ್ನು ಸ್ಥಾಪಿಸಿ ಎರಡೇ ವರ್ಷಗಳಾಗಿದ್ದುವೆಂಬುದರಿಂದ ಆಗಿನ ಮನೋಭಾವವನ್ನು ಊಹಿಸಬಹುದು. ಷಾರ್ಲಟಳು ಕುಳಿತ ಪೀಠವನ್ನು ಮುರಿಯುವುದೇ, ಅವಳ ತಂದೆಯು ನಿಂತ ಉಪದೇಶಪೀಠವನ್ನು ಇಳಿಸುವುದೇ ಎಂದು ದೂರದೂರದವರು ಕೇಳಿದರು. ಊರಿನವರಲ್ಲಿಯೂ ಕೆಲವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಆದರೂ ಯೋಜನೆ ನಿಲ್ಲಲಿಲ್ಲ. ಆ ವರ್ಷದ ಸೆಪ್ಟೆಂಬರ್ ೧೪ರಂದು ಹಳೆಯ ಮಂದಿರದಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಕ್ರಿಸ್ತಜಯಂತಿಯ ದಿನ ಹೊಸದಕ್ಕೆ ಶಂಕುಸ್ಥಾಪನೆಯಾಯಿತು. ೧೮೮೧ನೆಯ ಫೆಬ್ರವರಿ ೨೨ರಂದು ಪ್ರತಿಷ್ಠೆಯಾಯಿತು.

ಅಂದಿನಿಂದ ವೇಡನನ್ನು ಸಾಹಿತ್ಯದ್ರೋಹಿಯೆಂದು ನಿಂದಿಸುವುದು ಬ್ರಾಂಟೆಯವರನ್ನು ಕುರಿತು ಬರೆಯುವವರಿಗೆ ಒಂದು ಸಂಪ್ರದಾಯವೇ ಆಗಿದೆ. ಈ ನಿಂದೆಯಲ್ಲಿ ಎರಡು ಪ್ರಶ್ನೆಗಳನ್ನು ಕಲಸಿರುವರು. ಕೆಡವಿದುದು ಸರಿಯೇ ಎಂಬುದು ಒಂದು. ಕೆಡವಿದ ಕ್ರಮ ಸರಿಯೇ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಬ್ಯಾಬೇಜನ ವರದಿಯೇ ಉತ್ತರಕೊಡುತ್ತದೆ. ಊರಿನ ಮಕ್ಕಳಲ್ಲಿ ನೂರಕ್ಕೆ ನಲವತ್ತು ಮಂದಿಯನ್ನು ಹೂತ ನೆಲದ ಮೇಲೆ, ಶವಗಳ ನಡುವೆ ತೇವದಲ್ಲಿ ಕುಳಿತು ಪ್ರಾರ್ಥಿಸಿರಿ, ಏಕೆಂದರೆ ನಾವು ನಿಮ್ಮ ಊರಿನ ಕಾದಂಬರಿಗಳನ್ನು ಮೆಚ್ಚಿದ್ದೇವೆ ಎಂದು ಲಂಡನ್ನಿನವರು ಹೇಳುವುದು ನ್ಯಾಯವಾಗಲಾರದು. ನಮ್ಮ ಆಗಮಗಳಲ್ಲಿಯೂ ಜೀರ್ಣೋದ್ಧಾರವು ದೋಷವಲ್ಲ, ವಿಹಿತಕರ್ಮ. ಆರಾಧನೆ ನಿಲ್ಲದೆ ಮುಂದುವರಿಯುವುದೇ ಅಲ್ಲಿ ಮುಖ್ಯ. ಗ್ರಿಮ್‌ಷಾನು ೧೭೫೫ರಲ್ಲಿ ಮಾಡಿದುದನ್ನೇ ವೇಡನು ೧೮೭೯ರಲ್ಲಿ ಮಾಡಿದನು. ಒಬ್ಬನನ್ನು ಹೊಗಳಿ ಒಬ್ಬನನ್ನು ತೆಗಳುವುದಕ್ಕೆ, ನಡುವೆ ಮೂವರು ಪ್ರತಿಭಾವಂತೆಯರು ಅಲ್ಲಿ ಕುಳಿತಿದ್ದರೆಂಬುದಲ್ಲದೆ ಬೇರೆ ಕಾರಣವಿಲ್ಲ.

ಎರಡನೆಯ ಪ್ರಶ್ನೆಯಲ್ಲಿ ವೇಡನನ್ನು ಅಷ್ಟು ಸುಲಭವಾಗಿ ಬಿಡಲಾಗದು. ಹೊಸ ಮಂದಿರವು ಗಟ್ಟಿಯಾದುದು, ಬೆಳಕುಳ್ಳದ್ದು. ಆದರೆ ಆ ಕಾಲದಲ್ಲಿ ಇಂಗ್ಲೆಂಡಿನ ಯಾವ ಪಟ್ಟಣದಲ್ಲಿಯಾದರೂ ಕಟ್ಟಬಹುದಾಗಿದ್ದ ಗಾಥಿಕ್ ಮಾದರಿಯದು. ಹಳೆಯ ಮರಗೆಲಸದಲ್ಲಿ ಉಳಿಸಬಹುದಾಗಿದ್ದುದು ಚದರಿಹೋಗಿ ನೆನಪಿನ ಸಾಮಾನುಗಳಾಗಿ ಕೈಬದಲಾಯಿಸಿತು. ಪಾದ್ರಿಯ ಮನೆಗೂ ಅವನು ೧೮೭೦ರ ದಶಕದಲ್ಲಿ ಒಂದು ದೊಡ್ಡ ಪಾರ್ಶ್ವವನ್ನು ಸೇರಿಸಿ ಅದರ ಆಕಾರವನ್ನು ಕೆಡಿಸಿದನು. ದರ್ಶನಕ್ಕೆ ಬರುವ ಯಾತ್ರಿಕರ ಕಾಟದಿಂದ ಅವನು ಬೇಸತ್ತಿದ್ದಿರಬೇಕು. ಆ ಬೇಸರವು ಕೆಲಸದಲ್ಲಿಯೂ ಮೂಡಿದಂತಿದೆ. ಒಂದು ವಿಷಯದಲ್ಲಿ ಮಾತ್ರ ಅವನು ಎಚ್ಚರ ತಪ್ಪಲಿಲ್ಲ: ಬ್ರಾಂಟೆ ಮನೆತನದ ನೆಲಮಾಳಿಗೆಯನ್ನು ಕದಲಿಸಲಿಲ್ಲ. ಹೊಸ ನೆಲದ ಕೆಳಗೆ ಅದು ಇದ್ದಲ್ಲಿಯೇ ಇದೆ. ಸ್ಕಾರ್ಬರೋ ಎಂಬ ಕಡಲತೀರದ ಊರಿನಲ್ಲಿ ೧೮೪೯ರಲ್ಲಿ ತೀರಿಕೊಂಡು ಅಲ್ಲಿಯೇ ಮಣ್ಣಾದ ಆನಳೊಬ್ಬಳ ಹೊರತು ಉಳಿದವರೆಲ್ಲರೂ ಅಲ್ಲಿರುವರು.

ವಿಚಿತ್ರವೆಂದರೆ, ಹಾಳುಬಿದ್ದ ಚರ್ಚಿನ ಚಿತ್ರವನ್ನು ಓದುಗರಿಗೆ ಪ್ರಿಯವಾಗಿ ಮಾಡಿದವಳು ಎಮಿಲಿಯೇ. ‘ವುದರಿಂಗ್ ಹೈಟ್ಸ್’ ಮುಗಿಯುವಾಗ ಗಿಮರ್ಟನ್ನಿನ ಚರ್ಚಿನ ಕಿಟಕಿಗಳು ಒಡೆದು ಹೆಂಚುಗಳು ಜಾರುತ್ತಿರುತ್ತವೆ. ಅದನ್ನು ರಿಪೇರಿಮಾಡುವವರು ಯಾರೂ ಇಲ್ಲ. ಕಥೆಯಲ್ಲಿ ಅದು ರಮಣೀಯ. ತಂದೆಯ ಕೆಲಸವೆಲ್ಲ ಅಂತಹ ಗತಿಯು ತನ್ನ ಊರಿಗೆ ಬರದಂತೆ ನೋಡಿಕೊಳ್ಳುವುದಾಗಿದ್ದಿತು. ಕಾದಂಬರಿಯನ್ನು ಓದಿ ಹಾವರ್ತಿಗೆ ಬಂದವರು ಮಗಳ ಚಿತ್ರವನ್ನು ಹುಡುಕಿದರು. ತಂದೆಯ ಊರು ಅವರ ಕಣ್ಣಿಗೆ ಬೀಳಲಿಲ್ಲ.

ಯಾತ್ರಿಕರಿಗೂ ಊರಿಗೂ ಅನಂತರ ಮೆಲ್ಲಮೆಲ್ಲನೆ ಹೊಂದಾಣಿಕೆಯಾಯಿತು. ೧೮೮೩ರಲ್ಲಿ ಅಮೆರಿಕದ ಒಬ್ಬ ಅಭಿಮಾನಿಯು ಹೊಸ ಚರ್ಚಿನಲ್ಲಿ ಷಾರ್ಲಟಳ ನೆನಪಿಗೆ ಬಣ್ಣದ ಗಾಜಿನ ಕಿಟಕಿಯನ್ನಿಡಿಸಿದನು. ೧೮೯೩ರಲ್ಲಿ ಬ್ರಾಂಟೆ ಸಂಘ ಸ್ಥಾಪಿತವಾಯಿತು. ೧೯೨೮ರಲ್ಲಿ ಸರ್ ಜೇಮ್ಸ್ ರಾಬರ್ಟ್ಸನ ದಾನದಿಂದ ಪಾದ್ರಿಯ ಮನೆಯು ವಸ್ತುಸಂಗ್ರಹಾಲಯವಾಯಿತು. ೧೯೬೪ರಲ್ಲಿ ಚರ್ಚಿನೊಳಗೇ ಬ್ರಾಂಟೆಯವರ ಹೆಸರಿನ ಒಂದು ಪ್ರಾರ್ಥನಾಮಂದಿರವು ಏರ್ಪಟ್ಟಿತು. ಸಾಹಿತ್ಯದವರ ಯಾತ್ರೆಗೆ ಪ್ರತ್ಯೇಕವಾದ ಮನೆಯೊಂದು ದೊರೆತುದರಿಂದ ಚರ್ಚು ಊರವರಿಗೆ ಉಳಿಯಿತು. ಅಲ್ಲಿ ಭಾನುವಾರದ ಆರಾಧನೆ ಈಗಲೂ ನಡೆಯುತ್ತಿದೆ.

ಬ್ರಾಂಟೆಯವರ ಕಾಲದ ಹಾವರ್ತಿನ ಸಮುದಾಯಜೀವನದ ಗುರುತನ್ನು ಕಲ್ಲಿನಲ್ಲಿ ನೋಡಬಯಸುವವರು ಚರ್ಚಿನ ಬಾಗಿಲಿನಿಂದ ಪಾದ್ರಿಯ ಮನೆಯ ಕಡೆಗೆ ನಾಲ್ಕು ಹೆಜ್ಜೆ ನಡೆದರೆ, ೧೮೩೨ರ ಪಾಠಶಾಲೆಯು ಸಿಕ್ಕುತ್ತದೆ. ಸಣ್ಣದು, ತಗ್ಗಾದುದು, ಅಲಂಕಾರವಿಲ್ಲದುದು. ಬಟ್ಟೆ ಒಣಗಿಸಿದ ಹೆಂಗಸರ ಮಕ್ಕಳು ಅಕ್ಷರ ಕಲಿತುದೂ, ಷಾರ್ಲಟಳ ಮದುವೆಯ ಔತಣಕ್ಕೆ ಗಂಟೆ ಬಾರಿಸುವವರು ಬಂದು ಕುಳಿತುದೂ ಅದರಲ್ಲಿಯೇ.